ಒಳಗ ಯಾರೂ ಇಲ್ರೀ

ನನ್ನ ಕೆಲಸದಲ್ಲಿ ಹೆದರುವುದಕ್ಕೆ ಪುರುಸೊತ್ತಿಲ್ಲ; ಆದರೂ ಮೈ ಜುಮ್ಮೆನ್ನಿಸುವ ಸಂಗತಿಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಕಲಿಕೆ ನಿಧಾನವಾಗಿರುವ, ವಯಸ್ಸಿಗೆ ಬಂದ ಹುಡುಗ ಹುಡುಗಿಯರಿಗೆ ಸ್ವಂತವಾಗಿ ಬದುಕುವುದನ್ನು ಕಲಿಸುತ್ತೇನೆ. ಅಡುಗೆ, ಸಂತೆ, ಬಸ್ಸು, ಬಾಗಿಲ ಚಿಲಕ, ಎಲ್ಲ. ನಮ್ಮ ಬಳ್ಳಾರಿ ಕೇಂದ್ರದಲ್ಲಿ ಕಲಿತ ಇಬ್ಬರು ಯುವತಿಯರು ಬೇರೆ ಮನೆ ಮಾಡಲು ತಯಾರಾದರು. ಒಬ್ಬಳು ಬಳ್ಳಾರಿಯದೇ ಬ್ರೂಸ್‌ಪೇಟೆಯವಳು, ಬಾಯಿ ನಿಲ್ಲದು. ಇನ್ನೊಬ್ಬಳು ಸಿರುಗುಪ್ಪದವಳು, ಮಾತು ಕಮ್ಮಿ.

ಸಿರುಗುಪ್ಪದವಳ ಅಣ್ಣ ಅಕ್ಕಿ ಮಿಲ್ಲಿನಲ್ಲಿ ಮೇಸ್ತ್ರಿ. ಮೊದಲೇ ಹೇಳಿಬಿಟ್ಟಿದ್ದ: "ಒಂದು ತಿಂಗಳು ಬಿಟ್ಟು ಬಂದು ನೋಡ್ತೀನ್ರಿ ಮೇಡಂ. ಯಾಕೋ ಸರಿ ಇಲ್ಲ ಅನಿಸಿದ್ರ ಕರ್ಕೊಂಡು ಹೋಗ್ತೀನಿ. ಮತ್ತ ಕಳಸಂಗಿಲ್ಲ." ಊರಿಗೆ ಹೋದರೆ ಅವಳಿಗೆ ಪಡಸಾಲೆಯ ಮೂಲೆ, ಟೀವಿ, ಬೇರೆಯವರು ಕಲಸಿ ಕೊಟ್ಟ ಅನ್ನ. ಅದು ಅವಳಿಗೆ ಬೇಡವಾಗಿತ್ತು. ನನಗಂತೂ ಸುತರಾಂ ಬೇಡವಾಗಿತ್ತು.

ಮನೆ ಸಿಕ್ಕಿತು

ಬಳ್ಳಾರಿಯಲ್ಲಿ ಯಾರೂ ಮನೆ ಕೊಡಲಿಲ್ಲ. "ಇಂಥಾ ಹುಡುಗ್ಯಾರು ಗ್ಯಾಸ್ ಗೀಸ್ ಹಚ್ಚಿ ಏನರ ಮಾಡಿಕೊಂಡ್ರ?" ಎಂದು ನಯವಾಗಿ ಬಾಗಿಲು ಹಾಕಿದರು. ಹತ್ತಿರದ ಕುರುಗೋಡಿನಲ್ಲಿ ಒಬ್ಬ ಮಾಲೀಕ ಮಾತ್ರ ನಾನು ಪೂರ್ತಿ ಹೇಳುವ ಮೊದಲೇ ಹೂಂ ಅಂದ. ಆದರೆ ಗೇಟು ದಾಟಲಿಲ್ಲ. ರಸ್ತೆಯಲ್ಲೇ ನಿಂತು ಕೀಲಿಯನ್ನು ನನ್ನ ಕೈಗೆ ಹಾಕಿದ.

"ನೀರು ದಿನಾ ಬರ್ತೈತೇನ್ರಿ?" ಎಂದೆ.

"ಒಳಗ ಯಾರೂ ಇಲ್ರೀ" ಎಂದ.

ಫ್ಯಾನು

ಹೊರಗೆ ಹೊರಡುವ ಮುಂಚೆ ಏನೇನು ಆರಿಸಬೇಕು ಎಂದು ಚಿತ್ರ ಬರೆದು ಬಾಗಿಲ ಹಿಂದೆ ಅಂಟಿಸಿದ್ದೆ: ಗ್ಯಾಸು, ಲೈಟು, ಫ್ಯಾನು. ಇಬ್ಬರೂ ಚಿತ್ರ ಮುಟ್ಟಿ ಮುಟ್ಟಿ ಆರಿಸುತ್ತಿದ್ದರು. ಆದರೂ ನಾನು ಹೋದಾಗಲೆಲ್ಲ ಮನೆಗೆ ಬೀಗ, ಒಳಗೆ ನಡುಮನೆಯ ಫ್ಯಾನು ಗಿರಗಿರ. "ಮರೆತಿರಿ" ಎಂದು ನಾನು, "ಇಲ್ಲ" ಎಂದು ಅವರು.

ಒಂದು ದಿನ ಇಬ್ಬರನ್ನೂ ಗೇಟಿನ ಹತ್ತಿರ ನಿಲ್ಲಿಸಿ, ನಾನೇ ನನ್ನ ಕೈಯಾರೆ ಫ್ಯಾನು ಆರಿಸಿ, ಬೀಗ ಜಗ್ಗಿ ನೋಡಿ ಗೇಟಿಗೆ ಬಂದೆ. ಸುಮ್ಮನೆ ತಿರುಗಿ ಕಿಟಕಿಯಲ್ಲಿ ಇಣುಕಿದೆ. ಫ್ಯಾನು ತಿರುಗುತ್ತಿತ್ತು. "ಈಗ ಆರಿಸಿ ಬಂದೆನಲ್ಲ!" ಎಂದೆ.

ಸಿರುಗುಪ್ಪದವಳು ನನ್ನನ್ನೇ ಕನಿಕರದಿಂದ ನೋಡಿದಳು. "ಇರ್ಲಿ ಬಿಡ್ರಿ ಮೇಡಂ. ನಿಮಗೂ ಒಂದು ಚಿತ್ರ ಬರದು ಕೊಡ್ತೀನಿ."

ಎಲೆಕ್ಟ್ರಿಷಿಯನ್ ಬಂದು ವೈರೆಲ್ಲ ಸರಿಯಾಗಿದೆ ಎಂದ. ಅವನೂ ಟೀ ಕುಡಿಯಲು ನಿಲ್ಲಲಿಲ್ಲ.

ಬಾಗಿಲು

ಯಾರಾದರೂ ಬಡಿದರೆ ಚಿಲಕ ತೆಗೆಯಬಾರದು. ಯಾರು, ಎಲ್ಲಿಂದ ಬಂದಿರಿ, ಏನು ಕೆಲಸ ಎಂದು ಒಳಗಿನಿಂದಲೇ ಕೇಳಬೇಕು. ಇದು ನನ್ನ ಪಾಠ. ಮಧ್ಯಾಹ್ನ ಓಣಿಯೆಲ್ಲ ಮಲಗಿರುವ ಹೊತ್ತಿಗೆ ಆ ಮನೆಯ ಬಾಗಿಲಿಗೆ ಮೆಲ್ಲಗೆ ಬಡಿತ ಬೀಳುತ್ತಿತ್ತಂತೆ. ಬ್ರೂಸ್‌ಪೇಟೆಯವಳು ಮೂರನ್ನೂ ಕೇಳುವುದು, ಆ ಕಡೆ ಉತ್ತರವಿಲ್ಲ. "ಹಂಗಾದ್ರ ನಾಳೆ ಬರ್ರಿ" ಎಂದು ಕಳಿಸುವುದು. ಮರುದಿನ ಮತ್ತೆ ಬಡಿತ.

ಪಕ್ಕದ ಮನೆಯಾಕೆ ಒಮ್ಮೆ ತಡೆಯಲಾರದೆ ಕಿಟಕಿಗೆ ಬಂದಳು. "ಯಾರ ಜೋಡಿ ಮಾತಾಡಾಕ ಹತ್ತೀಯವ್ವ?"

"ಬಾಗಲದಾಗ ನಿಂತಾರಲ್ರೀ, ಅವರ ಜೋಡಿ. ಹೆಸರು ಹೇಳವಲ್ರು."

"ನಾ ಇಲ್ಲೇ ನೋಡಾಕ ಹತ್ತೀನಿ. ಬಾಗಲದಾಗ ಯಾರೂ ಇಲ್ಲಬೇ!"

"ಅದಕ್ಕ ತೆಗಿವಲ್ಲೆ" ಎಂದಳು ಇವಳು.

ಅಣ್ಣ ಬಂದ

ತಿಂಗಳಾಯಿತು. ಬ್ರೂಸ್‌ಪೇಟೆಯವಳು ಅವ್ವನ ಮನೆಗೆ ಹೋಗಿದ್ದಳು. ನಾನು ಒಳಗಿದ್ದರೆ ಮೇಡಂ ಸಹಾಯ ಮಾಡಿದರು ಎಂದಾನೆಂದು ಪಕ್ಕದ ಮನೆಯ ಕಟ್ಟೆಯ ಮೇಲೆ ಕೂತಿದ್ದೆ.

ತಂಗಿ ರೊಟ್ಟಿ, ಪಲ್ಯ ಎಲ್ಲ ಮಾಡಿ ಅಣ್ಣನನ್ನು ಕೂರಿಸಿ, ಮೊಸರು ತರಲು ಅಂಗಡಿಗೆ ಹೋದಳು. ಸ್ವಲ್ಪ ಹೊತ್ತಿಗೆ ಅಣ್ಣ ಬರಿಗಾಲಲ್ಲಿ ರಸ್ತೆಗೆ ಹಾರಿ ಬಂದ. ಅವನೇ ಆಮೇಲೆ ಹೇಳಿದ್ದು: ಅಡುಗೆಮನೆಯಲ್ಲಿ ತಟ್ಟೆ ಸದ್ದಾಯಿತು. "ಲಗೂನ ಬಂದ್ಯಲ್ಲ ತಂಗಿ?" ಎಂದ. "ಹೂಂ" ಎಂದಿತು ಒಳಗಿನಿಂದ. ಕಿಟಕಿಯಾಚೆ ನೋಡಿದರೆ ತಂಗಿ ಮೊಸರಿನ ಪ್ಯಾಕೆಟ್ ಹಿಡಿದು ಇನ್ನೂ ಓಣಿಯ ತುದಿಯಲ್ಲಿ ಬರುತ್ತಿದ್ದಾಳೆ.

"ನಡಿ, ಈಗಿಂದೀಗ ಊರಿಗೆ ಹೋಗೂಣು! ಇಂಥಾ ಮನ್ಯಾಗ ಹೆಂಗ ಇರ್ತಿ?" ಅಣ್ಣ ರಸ್ತೆಯಲ್ಲೇ ನಿಂತು ಕೂಗಿದ. ನನ್ನ ಕಥೆ ಮುಗಿಯಿತು ಎಂದುಕೊಂಡೆ.

"ನನ್ನ ಮನಿ ಇದು" ಎಂದಳು ಅವಳು. ಅಷ್ಟು ಜೋರಾಗಿ ಅವಳು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನನ್ನ ಕಣ್ಣು ತುಂಬಿ ಬಂತು. "ನಾ ಬರಂಗಿಲ್ಲ. ಬೇಕಂದ್ರ ನೀನ ಒಳಗ ಹೋಗಿ ನನ್ನ ಅರಿವಿ-ಬಟ್ಟಿ ಕಟ್ಕೊಂಡು ಬಾ."

ಅಣ್ಣ ಬಾಗಿಲು ನೋಡಿದ. ಆಮೇಲೆ ಹಟ ಬಿಟ್ಟ.

ಅವಳೇ ಒಳಗೆ ಹೋಗಿ ಅವನ ಚಪ್ಪಲಿ, ಚೀಲ ತಂದಳು. ರೊಟ್ಟಿ ಬುತ್ತಿ ಕಟ್ಟಿದಳು. ಕೈ ಹಿಡಿದು ಬಸ್‌ಸ್ಟ್ಯಾಂಡಿಗೆ ಕರೆದುಕೊಂಡು ಹೋದಳು, ನಾನು ಹಿಂದೆ. ಬೋರ್ಡು ಓದಿ ಸರಿಯಾದ ಬಸ್ಸು ಹತ್ತಿಸಿ, ಕಿಟಕಿ ಪಕ್ಕ ಕೂರಿಸಿ, ಕಂಡಕ್ಟರಿಗೆ ಹೇಳಿದಳು:

"ಇವ ನಮ್ಮಣ್ಣ ರೀ. ಒಬ್ಬನ ಹೊಂಟಾನ, ಅಂಜ್ತಾನ. ಸಿರುಗುಪ್ಪದಾಗ ಸ್ವಲ್ಪ ನೋಡಿ ಇಳಸ್ರಿ."