ಬಾಕಳೆಯವರ ಚೀಲೋದ್ಧರಣ

ಹೇ ಬುದ್ಬುದವಾಸಿನಿಯೇ, ನೊರೆಯ ಕಿರೀಟ ಧರಿಸಿ ಗಾಜಿನ ಲೋಟಗಳಲ್ಲಿ ನೆಲೆಸಿದವಳೇ, ಬಾರ್ಲಿಯ ಬಡ ಕಾಳನ್ನು ಮದವಾಗಿಸಿ ಮುದುಕರನ್ನು ಹುಡುಗರಾಗಿಸುವ ತಾಯೇ, ಒಂದು ಗುಟುಕಿನಷ್ಟು ಹೊತ್ತು ನನ್ನ ನಾಲಗೆಯ ಮೇಲೆ ನಿಲ್ಲು. ಪೆನ್ಶನ್ ಯುಗದ ಪ್ರಥಮ ಚರಣದಲ್ಲಿ, ಹುಬ್ಬಳ್ಳಿಯೆಂಬ ಧೂಳಿಧೂಸರ ಮಹಾನಗರಿಯಲ್ಲಿ, ರೈಲ್ವೆ ವರ್ಕ್‌ಶಾಪಿನ ಮಾಜಿ ಫೋರ್ಮನ್, ಸ್ಪ್ಯಾನರ್‌ಪಾಣಿ, ಗ್ರೀಸ್‌ಲಿಪ್ತಾಂಗ, ಅಸಂಖ್ಯ ತುಕ್ಕುಬೋಲ್ಟುಗಳ ಗರ್ವಭಂಜಕನಾದ ವಿಠ್ಠಲಸಾ ಬಾಕಳೆಯು ತನ್ನ ಮನೆಯ ಮಾಳಿಗೆಯ ಮೇಲೆ ಎಸಗಿದ ಮಹಾಕಾರ್ಯವನ್ನು ಹೇಳಲು ಹೊರಟಿದ್ದೇನೆ. ಉಸಿರು ಕೊಡು, ವಾಕ್ಯಗಳು ಉದ್ದವಾಗಲಿವೆ.

ಈ ವೀರನಿಗೆ ಒಬ್ಬನೇ ಸಖ. ಸ್ಯಾಮ್ಯುವೆಲ್ ಹಿರೇಕೊಪ್ಪ, ಅದೇ ವರ್ಕ್‌ಶಾಪಿನ ಪೈಪ್ ಫಿಟ್ಟರ್. ಹೆಂಡತಿ ತೀರಿಕೊಂಡ ಮೇಲೆ ರೇಡಿಯೊದೊಡನೆ ಸಂಸಾರ ನಡೆಸುತ್ತಿದ್ದವನು. ನಿವೃತ್ತರಾದ ಬಳಿಕ ತಾವು ಹುಟ್ಟಿದ್ದೇ ಮನೆಯಲ್ಲಿ ಬಿಯರ್ ಮಾಡಲೆಂದು ಇಬ್ಬರಿಗೂ ಹೊಳೆದಿತ್ತು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು, ಬಿಸಿನೀರಿನಲ್ಲಿ ನೆನೆಹಾಕಿ, ಅದರ ಸಿಹಿರಸ ಇಳಿಸಿ, ಹಾಪ್ಸ್ ಎಂಬ ಕಹಿಹೂ ಹಾಕಿ ಕುದಿಸಿ, ಆರಿದ ಮೇಲೆ ಯೀಸ್ಟ್ ಬೆರೆಸಿಟ್ಟರೆ ಬಿಯರ್. ಇಷ್ಟೇ. ಆದರೆ 'ಇಷ್ಟೇ' ಎಂಬುದು ಫೋರ್ಮನ್ನರ ಕಿವಿಗೆ ಬೈಗುಳ. ಆದ್ದರಿಂದ ಆ ಮಾಳಿಗೆಯ ಮೇಲೆ ತ್ರಿಪಾತ್ರಯಂತ್ರವು ತಲೆಯೆತ್ತಿತು. ಮೇಲಿನ ಹಂಡೆಯಲ್ಲಿ ಬಿಸಿನೀರು, ನಡುವಿನದರಲ್ಲಿ ಜರಡಿಯ ಮೇಲೆ ನೆನೆಯುವ ಕಾಳು, ಕೆಳಗಿನದರಲ್ಲಿ ಕುದಿಯುವ ರಸ. ಮೂರನ್ನೂ ಸುತ್ತಿ ಬಳಸಿ ಸಂತಾನಾಪೇಕ್ಷಿ ನಾಗಗಳಂತೆ ಹೆಣೆದುಕೊಂಡ ರಬ್ಬರ್ ಪೈಪುಗಳು, ನಲ್ಲಿಗಳು, ನಡುವೆ ಗೊರಕೆ ಹೊಡೆಯುವ ಒಂದು ಪಂಪು. ಪೈಪುಗಳೆಲ್ಲ ಸ್ಯಾಮ್ಯುವೆಲ್ಲನ ಸೃಷ್ಟಿ. ಐತವಾರ ಚರ್ಚು ಬಿಟ್ಟೊಡನೆ ಅವನು ನೆಟ್ಟಗೆ ಈ ಮಾಳಿಗೆಗೆ ಬರುತ್ತಿದ್ದನು. ಒಬ್ಬನು ನಲ್ಲಿ ತಿರುವಬೇಕು, ಇನ್ನೊಬ್ಬನು ಪಂಪು ಕಾಯಬೇಕು. ಯಂತ್ರಕ್ಕೆ ಇಬ್ಬರು ಬೇಕೇ ಬೇಕು.

ಯಂತ್ರವು ಕೆಲಸ ಮಾಡುತ್ತಿತ್ತೇ ಎಂದು ಕೇಳಬೇಡಿ. ವೀರರ ಆಯುಧಗಳನ್ನು ಹಾಗೆ ಕೇಳುವ ವಾಡಿಕೆಯಿಲ್ಲ. ಒಮ್ಮೆ ಮಾತ್ರ ಹೇಗೋ ಕೆಲವು ಬಾಟಲಿಗಳು ತುಂಬಿದ್ದವು.

ಆ ಬೇಸಿಗೆಯ ಒಂದು ಐತವಾರ ನಡುವಿನ ಹಂಡೆಯ ಕಾಳು ಗಂಜಿಯಾಗಿ ಜರಡಿಗೆ ಕಚ್ಚಿಕೊಂಡು, ಒಂದು ಹನಿಯನ್ನೂ ಕೆಳಗಿಳಿಸೆನೆಂದು ಹಟ ಹಿಡಿಯಿತು. ಮಧ್ಯಾಹ್ನವಾಯಿತು, ಹೊತ್ತು ಇಳಿಯಿತು. ಕೊನೆಗೆ ಸ್ಯಾಮ್ಯುವೆಲ್ಲನು ಜರಡಿಯ ತಳದ ಪೈಪನ್ನು ಬಾಯಿಗಿಟ್ಟು, ಪ್ರಳಯಕಾಲದ ಶಂಖವನ್ನೂದುವ ಧಾಟಿಯಲ್ಲಿ, ಕಪೋಲದ್ವಯವನ್ನು ಬಲೂನುಗಳಾಗಿಸಿ ಊದಿದನು. ಗಂಜಿಯು ಭೋರ್ಗರೆದು ಮೇಲೆದ್ದು, ಮಾಳಿಗೆಯಂಚಿನ ಕಟಾಂಜನವನ್ನು ದಾಟಿ, ಅಂಗಳದಲ್ಲಿ ಒಣಹಾಕಿದ್ದ ಶ್ಯಾವಿಗೆಯ ಮೇಲೆ ಸುರಿಯಿತು.

ವಿಠ್ಠಲಸಾನ ಧರ್ಮಪತ್ನಿ ಸರಸಾಬಾಯಿ ಅಂಗಳದಿಂದ ಮೇಲೆ ನೋಡಿದಳು.

"ವರ್ಷದ ಶ್ಯಾವಿಗಿ ಹ್ವಾದ್ವು. ಇನ್ನೊಮ್ಮೆ ಹಿಂಗಾತಂದ್ರ ಇಬ್ಬರ್ನೂ ಅದ ಹಂಡೇದಾಗ ಕುಂದ್ರಿಸಿ ಕುದಸ್ತೀನಿ, ನೋಡ್ರಿ."

ಆ ವಾಗ್ಬಾಣವು ನಾಟಿತು. ಮರುದಿನ ವಿಠ್ಠಲಸಾ ಮೊಬೈಲಿನಲ್ಲಿ ತಡಕಾಡುತ್ತ ಒಂದು ನಾಚಿಕೆಗೇಡಿನ ಸತ್ಯವನ್ನು ಕಂಡನು. ಮೂರು ಹಂಡೆ ಬೇಡ, ಪಂಪು ಬೇಡ, ಒಂದೇ ಹಂಡೆಯೊಳಗೆ ಜಾಳಿಗೆಯ ಚೀಲವಿಳಿಸಿ, ಅದರಲ್ಲಿ ಕಾಳು ನೆನೆಹಾಕಿ, ಹೊತ್ತಾದ ಮೇಲೆ ಚೀಲ ಎತ್ತಿದರೆ ರಸ ಹಂಡೆಯಲ್ಲೇ ಉಳಿಯುತ್ತದೆ, ಅದರಲ್ಲೇ ಕುದಿಸು. ಚಹಾಪುಡಿಯ ಚೀಲದ ದೊಡ್ಡಣ್ಣ. ಆತನು ಕದ್ದುಮುಚ್ಚಿ ದರ್ಜಿಯ ಬಳಿ ಹೋಗಿ ಸೊಳ್ಳೆಪರದೆಯ ಬಟ್ಟೆಯಲ್ಲಿ ಗೋಣಿಯಷ್ಟು ದೊಡ್ಡ ಚೀಲವೊಂದನ್ನು ಹೊಲಿಸಿದನು. ಯಾರಿಗೆಂದು ದರ್ಜಿ ಕೇಳಿದ್ದಕ್ಕೆ 'ಎಮ್ಮೀಗೆ' ಎಂದನು. ಮನೆಯಲ್ಲಿ ಎಮ್ಮೆ ಇರಲಿಲ್ಲ.

ಮುಂದಿನ ಐತವಾರ ಸ್ಯಾಮ್ಯುವೆಲ್ಲನು ಮಾಳಿಗೆಯೇರಿ ಬಂದಾಗ ತ್ರಿಪಾತ್ರಯಂತ್ರವು ಮೂಲೆಯಲ್ಲಿ ತಾಡಪಾಲು ಹೊದ್ದು ಶವದಂತೆ ಮಲಗಿತ್ತು. ಒಂಟಿ ಹಂಡೆಯ ಬಾಯಿಗೆ ಬಿಳಿಯ ಜಾಳಿಗೆ ಇಳಿಬಿದ್ದಿತ್ತು. ಸಖನ ಮುಖವು ಗ್ರಹಣಗ್ರಸ್ತ ಸೂರ್ಯನಂತೆ ಕಪ್ಪಿಟ್ಟಿತು.

"ಏನಲೇ ಇದು? ಲಂಗಾ?"

"ಚೀಲ. ಇನ್ಮ್ಯಾಲ ಇದರಾಗ ಮಾಡೂದು. ಸರಳ ಐತಿ."

"ಸರಳ!" ಎಂದು ಸ್ಯಾಮ್ಯುವೆಲ್ಲನು ಗರ್ಜಿಸಿದನು. ಪಕ್ಕದ ಮನೆಯ ಪಾರಿವಾಳಗಳು ಹಾರಿದವು. "ಬ್ರಾಡ್‌ಗೇಜ್ ಡಬ್ಬಿಗೆ ಬ್ರೇಕ್ ಪೈಪ್ ಹಾಕಿದ ಕೈ ಇದು. ನನ್ನ ಪೈಪ್ ಒಂದಾರ ಸೋರೈತೇನು? ಹೇಳು! ಅದನ್ನ ಬಿಟ್ಟು ಸೊಳ್ಳೀ ಪಡದಿ ತಂದು ನೇತ ಹಾಕಿಯಲ್ಲ, ನಿನಗ ಫೋರ್ಮನ್ ಅಂತ ಯಾವ ಬಾಯಾಗ ಕರಿಬೇಕು?"

"ಸೋರಿಲ್ಲ ಖರೆ. ಹ್ವಾದ ವಾರ ರಸ ಹರದೂ ಇಲ್ಲ!" ಎಂದು ವಿಠ್ಠಲಸಾ ಮೀಸೆ ತಿರುವಿದನು. "ನೀ ಸುಮ್ನ ಕುಂತು ನೋಡು. ಇಂಜಿನ್ ಎತ್ತಿದ ಕೈಲೇ ಇದು, ಈ ಚೀಲ ಯಾವ ಲೆಕ್ಕ?"

"ಇಂಜಿನ್ ಎತ್ತಿದ್ದು ಕ್ರೇನ್. ನೀ ಸೀಟಿ ಹೊಡದಿದ್ದಿ."

ಮರ್ಮಾಘಾತವಾಯಿತು. ಸ್ಯಾಮ್ಯುವೆಲ್ಲನು ಪ್ಲಾಸ್ಟಿಕ್ ಕುರ್ಚಿಯನ್ನೆಳೆದು, ತೋಳು ಕಟ್ಟಿ ಆಸೀನನಾದನು. ಕೋಪೋದ್ದೀಪಿತನಾದ ವಿಠ್ಠಲಸಾ ಎಂದಿನದಕ್ಕಿಂತ ಎರಡರಷ್ಟು ಕಾಳನ್ನು ಚೀಲಕ್ಕೆ ಸುರಿದನು. ಗರ್ವವು ಎಂದೂ ಅಳೆದು ಹಾಕುವುದಿಲ್ಲ.

ಕಾಳು ನೆನೆಯಿತು.  ಕಡೆಗೆ ಚೀಲ ಎತ್ತುವ ಮುಹೂರ್ತವು ಸನ್ನಿಹಿತವಾಗಲು, ವೀರನು ಮೊಣಕೈವರೆಗೆ ರಬ್ಬರ್ ಗವಸು ಧರಿಸಿ, ಸ್ಟೂಲಿನ ಮೇಲೆ ಪಾದಾರ್ಪಣ ಮಾಡಿ, ಚೀಲದ ಕೊರಳನ್ನು ಬಿಗಿಹಿಡಿದು ಎಳೆದನು. ಸಮುದ್ರಗರ್ಭದಿಂದ ಮುಳುಗಿದ ದ್ವೀಪವೊಂದು ಮೇಲೇಳುವಂತೆ, ಹಬೆಯುಗುಳುತ್ತ, ಸಹಸ್ರಧಾರೆಗಳಾಗಿ ಮಧುರಸ ಸುರಿಸುತ್ತ, ಆ ಧವಳಜಾಳಾವೃತ ಧಾನ್ಯಪರ್ವತವು ಹಂಡೆಯಿಂದ ಅರ್ಧ ಮೇಲೆದ್ದಿತು. ಅಲ್ಲಿಗೆ ವೀರನ ಸೊಂಟದಲ್ಲಿ 'ಕಟಕ್' ಎಂದಿತು.

ಮೇಲೆತ್ತಲಾರ, ಇಳಿಸಲೂ ಬಗ್ಗಲಾರ. ಬಿಟ್ಟರೆ ಸುಡುವ ರಸ ಮೈಮೇಲೆ ಚಿಮ್ಮುತ್ತದೆ. ಸ್ಟೂಲಿನ ಕಾಲುಗಳು ತಾಳ ಹಾಕಿದವು. ವರ್ಕ್‌ಶಾಪಿನಲ್ಲಿ ಎಂದೂ ಯಾರನ್ನೂ ಬೇಡದ ಆ ಬಾಯಿ ಎರಡು ಸಲ ತೆರೆದು ಎರಡು ಸಲವೂ ಮುಚ್ಚಿಕೊಂಡಿತು. ಸ್ಯಾಮ್ಯುವೆಲ್ಲನು ಪಾರಿವಾಳಗಳನ್ನು ನೋಡುತ್ತಿದ್ದನು.

"ಸ್ಯಾಮ್ಯಾ," ಎಂದಿತು ಕೊನೆಗೆ ಒಂದು ಕ್ಷೀಣಧ್ವನಿ. "ಸ್ವಲ್ಪ ಹಿಡಿ."

ತಿರುಗಿ ನೋಡಿದ ಸಖನಿಗೆ ಗೆಳೆಯನ ಮುಖ ಬಿಳಿಚಿದ್ದು ಕಂಡಿತು. ಕುರ್ಚಿ ಉರುಳಿಸಿ ಓಡಿ ಬಂದು, ಗೋಡೆಯ ಮೇಲಿದ್ದ ಒರೆಸುವ ಅರಿವೆಯನ್ನು ಕೈಗೆ ಸುತ್ತಿ, ಚೀಲದ ತಳಕ್ಕೆ ತೋಳು ಕೊಟ್ಟನು. ಚೀಲ ಮೇಲೆದ್ದಿತು. ಆದರೆ ರಸ ಪೂರ್ತಿ ಇಳಿಯುವವರೆಗೆ ಬಿಡುವಂತಿಲ್ಲ. ಹೀಗಾಗಿ ವೈರಿಗಳಿಬ್ಬರೂ ಮೂಗಿಗೆ ಮೂಗು ತಾಗುವಷ್ಟು ಹತ್ತಿರ ನಿಂತರು. ನಡುವೆ ತೊಟ್ಟಿಕ್ಕುವ ಚೀಲ.

"ಸೊಂಟದ ಬ್ಯಾನಿ ಬಾಳ ಐತೇನು?"

"ಹೂಂ."

"ಎರಡರಷ್ಟು ಕಾಳ ಹಾಕಂತ ಯಾರ ಹೇಳಿದ್ರು ನಿನಗ?"

"ನೀನ. ಆ ಕ್ರೇನಿನ ಮಾತ ತಗದವನು ನೀನ."

 ಬಳಿಕ ಸ್ಯಾಮ್ಯುವೆಲ್ಲನು, ಚೀಲಕ್ಕೇ ಹೇಳುವವನಂತೆ, "ಪಂಪಿಲ್ಲ, ಪೈಪಿಲ್ಲ. ಇನ್ನ ಐತವಾರ ನಾ ಇಲ್ಲಿ ಬಂದು ಏನ ಮಾಡ್ಲಿ?" ಎಂದನು.

ವಿಠ್ಠಲಸಾ ಮೊಬೈಲಿನಲ್ಲಿ ನೋಡಿದ್ದನು: ಚೀಲಕ್ಕೆ ಹಗ್ಗ ಕಟ್ಟಿ ಮೇಲೊಂದು ರಾಟೆ ಹಾಕಿದರೆ ಒಬ್ಬನೇ ಎತ್ತಬಹುದು. ಅಂಥ ರಾಟೆಯೊಂದು ಕೆಳಗಿನ ಕೋಣೆಯಲ್ಲೇ ಬಿದ್ದಿತ್ತು.

"ಚೀಲ ಯಾರ ಎತ್ತಬೇಕೋ ಮಾರಾಯಾ?" ಎಂದನು. "ಒಬ್ಬರ ಕೈಲೆ ಆಗೂದಿಲ್ಲ, ಕಣ್ಣಾರೆ ನೋಡಿದಿ."

ಇಡೀ ಮಹಾಸಮರದಲ್ಲಿ ಆತನು ಪ್ರಯೋಗಿಸಿದ ಏಕೈಕ ಯಶಸ್ವೀ ಅಸ್ತ್ರವಿದು. ಅದೊಂದು ಸುಳ್ಳಾಗಿತ್ತು.

ರಸ ಕುದಿಯಿತು, ಹುದುಗಿತು, ಬಾಟಲಿಗಳೊಳಗೆ ಮಾಗಿತು. ಬಾಟಲಿ ತೆರೆಯುವ ಪುಣ್ಯದಿನದಂದು ಸೊಂಟಕ್ಕೆ ಬೆಲ್ಟು ಬಿಗಿದ ವಿಠ್ಠಲಸಾ ಮೂರು ಲೋಟಗಳಿಗೆ ಸುರಿದು, ಒಂದನ್ನು ಸರಸಾಬಾಯಿಯ ಕೈಗಿತ್ತನು. ಹಳೆಯ ಯಂತ್ರವೋ ಹೊಸ ಚೀಲವೋ, ಈಗ ತೀರ್ಮಾನವಾಗಬೇಕು.  ಆಕೆ ತುಟಿಗೆ ತಾಗಿಸಿ ಚಪ್ಪರಿಸಿದಳು.

"ಹ್ವಾದ ಸಲದಂಗ ಐತಿ."

"ಅಂದ್ರ? ಚಲೋನೋ, ಕೆಟ್ಟೋ?"

"ಹ್ವಾದ ಸಲದ್ದು ಬಚ್ಚಲಕ್ಕ ಹಾಕಿದ್ದೆ."

ಗೆಳೆಯರು ತಮ್ಮ ತಮ್ಮ ಲೋಟಗಳನ್ನು ಹೀರಿದರು. ದೀರ್ಘವಾಗಿ ಆಲೋಚಿಸಿದರು. ಒಬ್ಬರ ಮುಖವನ್ನೊಬ್ಬರು ನೋಡಿದರು.

"ಈ ನೀರ ಸರಿ ಇಲ್ಲಲೇ," ಎಂದನು ಸ್ಯಾಮ್ಯುವೆಲ್.

"ನೀರಿಂದೇ ತಪ್ಪು," ಎಂದನು ವಿಠ್ಠಲಸಾ.

"ಭಜಿ ಆರಾಕತ್ಯಾವು," ಎಂದಳು ಸರಸಾಬಾಯಿ. "ಬಂದು ತಿನ್ರಿ ಇಬ್ರೂ."