ಗುಡ್ಡದ ಸರ್ಪಕ್ಕೆ ಜೇನು ರೊಟ್ಟಿ

"ಪರ್ಷಿಯಾದ ದಂಡು ಬರಲಿ, ಅದರಪ್ಪ ಬರಲಿ! ಅಕ್ರೊಪೊಲಿಸ್ ಗುಡ್ಡ ಬಿಟ್ಟು ನಾನು ಒಂದಂಗುಲ ಕದಲೋನಲ್ಲ!" ಎಂದು ಫಾನಿಯಾಸ್ ಪೊರಕೆ ಝಳಪಿಸಿದ. ಗುಡ್ಡದ ಮೇಲಿನ ಅಥೀನಾ ದೇವಿಯ ಗುಡಿ ಗುಡಿಸುವುದು ಅವನ ಕೆಲಸ.

"ದಂಡನ್ನೂ ಗುಡಿಸಿ ಹಾಕ್ತೀರಾ? ಬುದ್ಧಿ ಇರೋರು ಸಲಾಮಿಸ್ ದ್ವೀಪಕ್ಕೆ ಹೋಗೋಣ ಅಂತಿದ್ದಾರೆ ರೀ," ಎಂದಳು ಹೆಂಡತಿ ಲಿಸಿಲ್ಲಾ.

"ದೇವಿ ಇಲ್ಲೇ ಇದಾಳೆ, ಅವಳ ಸರ್ಪ ಇಲ್ಲೇ ಇದೆ. ಅವರು ಹೋದ ದಿನ ನಾನೂ ಹೊರಟೆ, ಸರಿನಾ?"

ಲಿಸಿಲ್ಲಾ ರೊಟ್ಟಿ ತಟ್ಟಲು ಕೂತಳು.

ಗುಡಿಯೊಳಗೆ ಊರು ಕಾಯುವ ಸರ್ಪವಿದೆಯೆಂದು ಅಥೆನ್ಸಿನವರ ನಂಬಿಕೆ. ತಿಂಗಳಿಗೊಮ್ಮೆ ಅದಕ್ಕೆ ಜೇನು ರೊಟ್ಟಿಯ ನೈವೇದ್ಯ. ಲಿಸಿಲ್ಲಾ ಸುಡಬೇಕು, ಸಂಜೆ ಫಾನಿಯಾಸ್ ಇಟ್ಟು ಬರಬೇಕು, ಬೆಳಗ್ಗೆ ಪೂಜಾರಿಣಿ ಖಾಲಿ ತಟ್ಟೆ ನೋಡಿ ಕೈ ಮುಗಿಯಬೇಕು. ಸರ್ಪವನ್ನು ಕಂಡವರು ಮಾತ್ರ ಯಾರೂ ಇಲ್ಲ! ಕೆಲಸಕ್ಕೆ ಸೇರಿದ ಮೊದಲ ತಿಂಗಳು ಬೆಳಗ್ಗೆ ನೋಡಿದರೆ ರೊಟ್ಟಿ ಹಾಗೇ ಇತ್ತು. ತಪ್ಪು ತನ್ನ ತಲೆಗೆ ಬಂದೀತೆಂದು ಹೆದರಿ ಫಾನಿಯಾಸ್ ನುಂಗಿಬಿಟ್ಟ. ಆಹಾ, ಏನು ರುಚಿ! ಅಂದಿನಿಂದ ಆರು ವರ್ಷ ಊರು ಕಾದ ಮಹಾಸರ್ಪ ಅವನೇ!

ಈ ಸಲವೂ ಬೆಳಗ್ಗೆ ಬಾಯಿ ಚಪ್ಪರಿಸುತ್ತ ಕಚ್ಚಿದ. ಥೂ! ಸಮುದ್ರವನ್ನೇ ಕಲಸಿ ಸುಟ್ಟಂತಿತ್ತು. ಉಗುಳಿ, ಕಚ್ಚಿದ ಭಾಗವನ್ನು ಗೋಡೆಗೆ ತಿರುಗಿಸಿಟ್ಟು, ನೀರು ಕುಡಿದು ಬರುವಷ್ಟರಲ್ಲಿ ಪೂಜಾರಿಣಿ ಬಂದಾಗಿತ್ತು.

"ಅಯ್ಯೋ! ಸರ್ಪ ರೊಟ್ಟಿ ಮುಟ್ಟಿಲ್ಲ! ದೇವಿ ಊರು ಬಿಟ್ಟು ಹೋಗ್ಬಿಟ್ಲು!"

ಮಧ್ಯಾಹ್ನದೊಳಗೆ ಇಡೀ ಅಥೆನ್ಸ್ ಗಂಟುಮೂಟೆ ಕಟ್ಟಿತು. 'ತಿನ್ನುತ್ತಿದ್ದವನು ನಾನು' ಎಂದರೆ ಮರಣದಂಡನೆ, ಸುಮ್ಮನಿದ್ದರೆ ಊರೇ ಖಾಲಿ! ಫಾನಿಯಾಸ್ ಮನೆಗೆ ಓಡಿದ. ಲಿಸಿಲ್ಲಾ ಮೇಕೆಯ ಹಗ್ಗ ಹಿಡಿದು ಬಾಗಿಲಲ್ಲೇ ಕೂತಿದ್ದಳು.

"ಆಗಲೇ ಗಂಟು ಕಟ್ಟಾಯ್ತಾ?"

"ನಿನ್ನೆನೇ ಕಟ್ಟಿದ್ದೆ. ದೇವಿ ಹೋದ್ಲಂತಲ್ಲ, ನಡೀರಿ!"

ಕೆಲವೇ ದಿನಗಳಲ್ಲಿ ದ್ವೀಪದ ದಡದಿಂದ ನೋಡಿದರೆ ಗುಡ್ಡದ ತುದಿಯಲ್ಲಿ ಕಪ್ಪು ಹೊಗೆ. ಅಲ್ಲೇ ಉಳಿದವರಲ್ಲಿ ಯಾರೂ ಬದುಕಲಿಲ್ಲವೆಂದು ಸುದ್ದಿ ಬಂತು. ಫಾನಿಯಾಸ್ ಮಗುವಿನಂತೆ ಅತ್ತ. ಸುತ್ತಲಿನವರೆಲ್ಲ ತಮ್ಮನ್ನು ಉಳಿಸಿದ ಸರ್ಪಕ್ಕೆ ಕೈ ಮುಗಿಯುತ್ತಿದ್ದರು. ಅದನ್ನು ಕಂಡು ಅವನು ಕಣ್ಣೊರೆಸಿಕೊಂಡು ಎದೆಯುಬ್ಬಿಸಿದ.

"ಲೇ, ಯಾರಿಗೂ ಹೇಳ್ಬೇಡ. ಆ ಸರ್ಪ ನಾನೇ ಕಣೇ!"

"ಗೊತ್ತು. ಆರು ವರ್ಷದಿಂದ ನಿಮ್ಮ ಗಡ್ಡದ ಜೇನು ಒರೆಸ್ತಿರೋಳು ಯಾರು?"

"ಹಾಗಾದ್ರೆ ಆ ಉಪ್ಪು..."

"ಮೂರು ಹಿಡಿ ಹಾಕಿದ್ದೆ," ಎಂದಳು ಲಿಸಿಲ್ಲಾ. "ನೀವು ಒಂದಂಗುಲ ಕದಲ್ಬೇಕಿತ್ತಲ್ಲ!"