ಕತ್ತರಿಯಣ್ಣನ ಎರಡನೇ ಪರೀಕ್ಷೆ

ಕೈ ನಿಲ್ಲಿಸುವುದೊಂದು ಬಿಟ್ಟು ಕ್ಷೌರದ ಕೆಲಸವೆಲ್ಲ ಕತ್ತರಿಯಣ್ಣನಿಗೆ ಚೆನ್ನಾಗಿ ಬರುತ್ತಿತ್ತು. ಕ್ಷೌರದಂಗಡಿಗಳಿಗೆ ಹೊಸದಾಗಿ ತಂದ ಲೈಸೆನ್ಸ್ ಪರೀಕ್ಷೆಯಲ್ಲಿ ಅವನು ಫೇಲಾದದ್ದೂ ಅದರಿಂದಲೇ. ಮುಕ್ಕಾಲು ಗಂಟೆ ಮುಗಿದು ಬೆಲ್ ಹೊಡೆದಾಗ ಅವನಿನ್ನೂ ಬಲಗಿವಿಯ ಹಿಂದೆ ನಯ ಮಾಡುತ್ತಲೇ ಇದ್ದ. ಇಪ್ಪತ್ತೆರಡು ವರ್ಷದ ಅನುಭವಕ್ಕೆ ಸೊನ್ನೆ ಬಿತ್ತು. ಮೂರು ತಿಂಗಳ ನಂತರದ ಎರಡನೇ ಪರೀಕ್ಷೆಯಲ್ಲೂ ಪಾಸಾಗದಿದ್ದರೆ ಆ ತಿಂಗಳ ಕೊನೆಗೆ ಅಂಗಡಿಗೆ ಬೀಗ ಎಂದು ಕಚೇರಿಯವರು ಬಾಗಿಲಿಗೆ ನೋಟೀಸು ಅಂಟಿಸಿಹೋದರು.

ಇಡೀ ಬೀದಿ ಟೊಂಕ ಕಟ್ಟಿ ನಿಂತಿತು. ಅಭ್ಯಾಸಕ್ಕೆಂದು ಪಕ್ಕದ ದರ್ಜಿ ತಲೆ ಕೊಟ್ಟ, ಎದುರುಮನೆಯ ಮೇಷ್ಟ್ರು ತಲೆ ಕೊಟ್ಟರು, ಕೂದಲು ಬೆಳೆಯುವ ಮೊದಲೇ ಮತ್ತೆ ಬಂದು ಕೂತರು. ಹೆಂಡತಿ ಅಲಾರಾಂ ಗಡಿಯಾರ ಹಿಡಿದು ನಿಲ್ಲುತ್ತಿದ್ದಳು. ಅವಳ ತಮ್ಮನ ತಲೆಯನ್ನು ಮಾತ್ರ ಯಾರೂ ಮುಟ್ಟುವ ಹಾಗಿರಲಿಲ್ಲ. ಪರೀಕ್ಷೆಗೆ ಬೇಕಾದ ತಲೆಯನ್ನು ಅಭ್ಯರ್ಥಿಯೇ ತರಬೇಕೆಂಬ ನಿಯಮವಿತ್ತು. ಅದಕ್ಕಾಗಿ ಭಾಮೈದ ಮೂರು ತಿಂಗಳಿಂದ ಕೂದಲು ಬಿಟ್ಟು ಪೊರಕೆಯಂತಾಗಿದ್ದ.

ಪರೀಕ್ಷೆಯ ದಿನ ಹತ್ತು ಅಭ್ಯರ್ಥಿಗಳು ಹತ್ತು ತಲೆಗಳೊಡನೆ ಬಂದು ಕಾದರು. ಪರೀಕ್ಷಕರು ಬರುವುದು ತಡವಾಯಿತು. ಪಕ್ಕದಲ್ಲಿ ಕೂತಿದ್ದ, ಮೊದಲ ಸಲ ಪರೀಕ್ಷೆಗೆ ಬಂದಿದ್ದ ಹುಡುಗಿಯೊಬ್ಬಳು, ಕಿವಿಯ ಪಕ್ಕ ಕೂದಲು ಇಳಿಸುವುದು ಹೇಗೆಂದು ಕೇಳಿದಳು.

"ಬಾಯಲ್ಲಿ ಹೇಳಿದ್ರೆ ತಿಳಿಯಲ್ಲಮ್ಮ. ಇಲ್ಲಿ ನೋಡು" ಎಂದು ಕತ್ತರಿಯಣ್ಣ ಭಾಮೈದನ ಎಡಗಡೆ ಎರಡು ಬೆರಳಷ್ಟು ಕತ್ತರಿಸಿ ತೋರಿಸಿದ.

ಎಡಗಡೆ ಇಳಿಸಿದ ಮೇಲೆ ತಲೆ ಸರಕು ವಾಲಿದ ಗಾಡಿಯಂತೆ ಕಂಡಿತು. ಬಲಗಡೆ ಸರಿಮಾಡಿದರೆ ಹಿಂದುಗಡೆ ಅಣಕಿಸಿತು. ಉಳಿದ ಒಂಬತ್ತೂ ಜನ ಸುತ್ತುಗಟ್ಟಿ ನಿಂತರು. ಸಾಕು ಭಾವ, ಸಾಕು ಎಂದು ಭಾಮೈದ ಎರಡು ಸಲ ಬೇಡಿಕೊಂಡ. ಸುತ್ತ ಹೊಗಳುವವರಿರುವಾಗ ಅದು ಯಾರ ಕಿವಿಗೆ ಬೀಳುತ್ತದೆ? ನಲವತ್ತನೇ ನಿಮಿಷಕ್ಕೆ ಕತ್ತರಿಯಣ್ಣ ಕತ್ತರಿ ಕೆಳಗಿಟ್ಟ. ಜನ್ಮದಲ್ಲಿ ಅಂಥ ಕ್ಷೌರ ಮಾಡಿರಲಿಲ್ಲ. ಗಡುವಿಗೆ ಐದು ನಿಮಿಷ ಮೊದಲೇ ಮುಗಿಸಿದ್ದ, ಆದರೆ ಪರೀಕ್ಷೆಯೇ ಇನ್ನೂ ಶುರುವಾಗಿರಲಿಲ್ಲ.

ಪರೀಕ್ಷಕರು ಬಂದು ಆ ತಲೆಗೆ ಎರಡು ಸುತ್ತು ಹಾಕಿದರು. ತಮ್ಮ ಕಣ್ಣೆದುರು ಕತ್ತರಿಸಿದ್ದಕ್ಕೆ ಮಾತ್ರ ಅಂಕ ಎಂದರು. ಆಮೇಲೆ ಮನಸ್ಸು ಕರಗಿತು.

"ಎಲ್ಲಾದ್ರೂ ಚೂರು ತಪ್ಪು ಉಳಿದಿದ್ರೆ ಹೇಳಿ. ನನ್ನೆದುರಿಗೆ ತಿದ್ದಿಬಿಡಿ, ಅಷ್ಟಕ್ಕೇ ಪಾಸು ಮಾಡ್ತೀನಿ."

"ಭಾವ, ಕಿವಿ ಹಿಂದೆ ಒಂಚೂರಿದೆ ಅನ್ನಿ" ಎಂದು ಭಾಮೈದ ಪಿಸುಗುಟ್ಟಿದ.

ಕತ್ತರಿಯಣ್ಣ ಕನ್ನಡಕ ಹಾಕಿಕೊಂಡು ಕಿವಿ ನೋಡಿದ, ಕತ್ತು ನೋಡಿದ, ನೆತ್ತಿ ನೋಡಿದ. ಅಂಗಡಿ ಕಣ್ಮುಂದೆ ಬಂತು, ಅದರ ಬಾಗಿಲಿಗೆ ಬೀಳಲಿರುವ ಬೀಗವೂ ಬಂತು. ಭಯವೂ ಇತ್ತು, ಹೆಮ್ಮೆಯೂ ಇತ್ತು. ಹೆಮ್ಮೆಯೇ ಮೊದಲು ಬಾಯಿ ತೆರೆಯಿತು.

"ಒಂದು ಕೂದಲೂ ಹೆಚ್ಚುಕಮ್ಮಿ ಇಲ್ಲ ಸಾರ್."

ಸಂಜೆ ಹೆಂಡತಿ ಬಾಗಿಲಲ್ಲೇ ಕಾಯುತ್ತಿದ್ದಳು. ಅವಳ ಹಿಂದೆ ಬೀದಿಯೇ ನಿಂತಿತ್ತು.

"ಹತ್ತರಲ್ಲಿ ಒಂಬತ್ತು ಜನ ಪಾಸು ಕಣೇ. ಒಂಬತ್ತೂ ಜನ ನನ್ನ ನೋಡೇ ಕಲಿತಿದ್ದು" ಎಂದು ಎದೆಯುಬ್ಬಿಸಿದ.

ಹತ್ತನೆಯವನು ಯಾರೆಂದು ಯಾರೂ ಕೇಳಲಿಲ್ಲ. ಹೆಂಡತಿ ತಮ್ಮನ ತಲೆಯನ್ನು ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದಳು. ಗಂಡನನ್ನು ಬೈಯಲು ಒಂದೇ ಒಂದು ತಪ್ಪು ಹುಡುಕುತ್ತಿದ್ದಳು. ಸಿಗಲಿಲ್ಲ.